ಸಾಲ್ಮನ್ ಮೀನಿಗೆ ಹುಸಿ ಎರೆ

ಗಾಳಕ್ಕೆ ಎರೆಹುಳು ಸಿಕ್ಕಿಸಿ ಊರ ಹೊಳೆಯ ದಂಡೆಯಲ್ಲಿ ಕಾದು ಕುಳಿತ ನೆನಪು ನಮ್ಮಲ್ಲಿ ಹಲವರಿಗೆ ಇದ್ದೀತು. ಕೆನಡಾದ ಪಶ್ಚಿಮ ಕರಾವಳಿಯಾದ ಬ್ರಿಟಿಷ್ ಕೊಲಂಬಿಯದ ಕಡಲಲ್ಲಿ ಸಾಲ್ಮನ್ ಹಿಡಿಯುವ ಬಗೆಯೇ ಬೇರೆ. ಮೆಲ್ಲನೆ ಸಾಗುವ ದೋಣಿಯ ಹಿಂದೆ ಹುಸಿ ಎರೆಯನ್ನು ಎಳೆದೊಯ್ಯುತ್ತಾರೆ. ಇದೇ 'ಟ್ರೋಲಿಂಗ್'.

ಸೀಸದ ಗುಂಡು ದಾರವನ್ನು ಆಳಕ್ಕಿಳಿಸುತ್ತದೆ. ದಾರಕ್ಕೆ ಸುಮಾರು 11 ಅಂಗುಲದ ಹೊಳೆಯುವ ಪಟ್ಟಿ, 'ಫ್ಲ್ಯಾಶರ್'. ಅದಕ್ಕೆ ಕೊಕ್ಕೆಯಿಲ್ಲ, ಗಿರಗಿರನೆ ಸುತ್ತಿ ಮೀನನ್ನು ಕರೆಯುವುದಷ್ಟೇ ಅದರ ಕೆಲಸ. ಅದರ ಹಿಂದೆ 'ಲೀಡರ್' ಎಂಬ ಬಿರುಸಾದ ನೈಲಾನ್ ಎಳೆ. ಎಳೆಯ ಕೊನೆಗೆ ಮೆದು ಪ್ಲಾಸ್ಟಿಕ್ಕಿನ 'ಹೂಚಿ', ಅದರೊಳಗೆ ಕೊಕ್ಕೆ.

ಗುಟ್ಟೆಲ್ಲ ಈ ಎಳೆಯ ಅಳತೆಯಲ್ಲಿದೆ. ಹೂಚಿಗೆ ಸ್ವಂತ ಚಲನೆಯಿಲ್ಲ. ಫ್ಲ್ಯಾಶರಿನ ಜಗ್ಗಾಟವೇ ಅದಕ್ಕೆ ಜೀವ. ಎಳೆ 3ರಿಂದ 3½ ಅಡಿಯಿದ್ದರೆ ಹೂಚಿ ಚಿಮ್ಮಿ ಕುಣಿಯುತ್ತದೆ. ತೀರ ಉದ್ದವಾದರೆ ಸತ್ತಂತೆ ಹಿಂಬಾಲಿಸುತ್ತದೆ. ತಾನೇ ಓಲಾಡುವ ಲೋಹದ 'ಸ್ಪೂನ್' ಕಟ್ಟುವುದಾದರೆ 5–6 ಅಡಿ ಬೇಕು. ಎಳೆಯಲ್ಲಿ ಒಂದು ಗೀರು ಕಂಡರೂ ಬದಲಿಸಬೇಕು. ಇಲ್ಲವಾದರೆ ದೊಡ್ಡ ಮೀನು ಅಲ್ಲಿಯೇ ಹರಿದುಕೊಂಡು, ಬಾಯಲ್ಲಿ ಕೊಕ್ಕೆಯೊಡನೆ ಹೋದೀತು.

ಕೊಕ್ಕೆಯ ತುದಿಯಲ್ಲಿ ಹಿಮ್ಮುಖದ ಮುಳ್ಳು ಇರಕೂಡದೆಂಬುದು ಅಲ್ಲಿಯ ಕಾನೂನು. ಚಿಕ್ಕ ಮೀನು ಸಿಕ್ಕರೆ ಹೆಚ್ಚು ಗಾಯವಾಗದಂತೆ ಬಿಡಿಸಿ ನೀರಿಗೆ ಬಿಡಬಹುದು. ಅದು ಬೆಳೆದು, ಹುಟ್ಟಿದ ಹೊಳೆಗೆ ಮರಳಿ ಮೊಟ್ಟೆಯಿಟ್ಟರೆ ತಾನೇ ನಾಳೆಗೂ ಮೀನು?