ಗಣಕದ ಆಟವೂ ಒಂದು ವ್ಯಾಸಂಗ

ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ‘ಕಂಪ್ಯೂಟರ್ ಗೇಮ್ ತಯಾರಿಸುವುದನ್ನೇ ಪದವಿಗೆ ಓದುತ್ತೇನೆ’ ಎಂದರೆ ನಮ್ಮ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆಟದ ಗೀಳು ಬಿಡಿಸಲು ಇಷ್ಟು ವರ್ಷ ಹೆಣಗಿದ ಹೆತ್ತವರು ಈಗ ಅದಕ್ಕೇ ಸಾಲ ಮಾಡಿ ಶುಲ್ಕ ತೆರಬೇಕೇ? ಹೀಗೆ ಕೇಳುವವರು ಸ್ಕಾಟ್ಲೆಂಡಿನ ಡಂಡೀ ನಗರದ ವೃತ್ತಾಂತವನ್ನು ಅರಿಯುವುದು ಒಳಿತೆಂದು ನಾವು ಭಾವಿಸುತ್ತೇವೆ.

ಡಂಡೀ ಒಂದು ಕಾಲಕ್ಕೆ ಸೆಣಬಿನ ಊರು. ಬಂಗಾಳದ ಸೆಣಬು ಹಡಗೇರಿ ಹೋಗಿ ಅಲ್ಲಿನ ಗಿರಣಿಗಳಲ್ಲಿ ಗೋಣಿತಟ್ಟಾಗುತ್ತಿತ್ತು. ಆ ಉದ್ಯಮ ಕ್ಷೀಣಿಸಿದಂತೆ ಟೈಮೆಕ್ಸ್ ಗಡಿಯಾರ ಕಾರ್ಖಾನೆ ಅನೇಕ ಮನೆಗಳಿಗೆ ಅನ್ನವಿತ್ತಿತು. 1982ರಿಂದ ಅಲ್ಲಿ ‘ಸ್ಪೆಕ್ಟ್ರಮ್’ ಎಂಬ ಅಗ್ಗದ ಗಣಕವೂ ತಯಾರಾಗತೊಡಗಿತು. ಅದು ಊರಿನ ಮನೆಮನೆಗಳನ್ನು ಸೇರಿ, ಮಕ್ಕಳು ತಾವೇ ಪ್ರೋಗ್ರಾಂ ಬರೆಯಲು ಕಲಿತರು. ಅಲ್ಲಿ ಅಪ್ರೆಂಟಿಸ್ ಆಗಿದ್ದ ಡೇವಿಡ್ ಜೋನ್ಸ್ ಎಂಬ ತರುಣರು ಕೆಲಸ ಬಿಟ್ಟಾಗ ದೊರೆತ ಪರಿಹಾರಧನದಿಂದ ಒಂದು ಉತ್ತಮ ಗಣಕವನ್ನು ಕೊಂಡು, ಊರಿನ ತಾಂತ್ರಿಕ ವಿದ್ಯಾಸಂಸ್ಥೆಗೆ ಸೇರಿದರು. ಗೆಳೆಯರೊಡನೆ ಅವರು ಕಟ್ಟಿದ ಸಂಸ್ಥೆಯ ‘ಲೆಮ್ಮಿಂಗ್ಸ್’ ಆಟ 1991ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಕಾರ್ಖಾನೆಯಾದರೋ ಕಹಿಯಾದ ಮುಷ್ಕರವೊಂದರ ಬಳಿಕ 1993ರಲ್ಲಿ ಮುಚ್ಚಿತು.

ಜೋನ್ಸ್ ಕಲಿತ ವಿದ್ಯಾಸಂಸ್ಥೆ 1994ರಲ್ಲಿ ಅಬರ್ಟೇ ವಿಶ್ವವಿದ್ಯಾಲಯವಾಯಿತು. 1997ರಲ್ಲಿ ಅದು ಗಣಕ ಆಟಗಳ ತಂತ್ರಜ್ಞಾನದಲ್ಲಿ ಪದವಿ ತರಗತಿಯನ್ನು ಆರಂಭಿಸಿತು. ಜಗತ್ತಿನಲ್ಲೇ ಇದು ಮೊದಲನೆಯದೆಂದು ಅದರ ಹೇಳಿಕೆ.

ಅಂತಹ ತರಗತಿಯಲ್ಲಿ ಕಲಿಯುವುದೇನು? ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ ಒಂದು ಚಿತ್ರಕ್ಕೆ ಸಿಗುವ ಅವಧಿ ಸೆಕೆಂಡಿನ ಸಾವಿರ ಪಾಲಿನಲ್ಲಿ ಸುಮಾರು 16 ಮಾತ್ರ. ಅಷ್ಟರೊಳಗೆ ಆಟಗಾರನು ಒತ್ತಿದ ಗುಂಡಿಯನ್ನು ಗ್ರಹಿಸಿ, ಚೆಂಡು ಗೋಡೆಗೆ ತಾಗಿತೇ ಎಂದು ಲೆಕ್ಕ ಹಾಕಿ, ನೆರಳುಬೆಳಕಿನ ಸಮೇತ ಚಿತ್ರ ಬಿಡಿಸಬೇಕು. ಇದಕ್ಕೆ ವೆಕ್ಟರ್, ಮ್ಯಾಟ್ರಿಕ್ಸ್, ನ್ಯೂಟನನ ನಿಯಮಗಳು, ‘ಸಿ ಪ್ಲಸ್ ಪ್ಲಸ್’ ಭಾಷೆ ಎಲ್ಲವೂ ಬೇಕು. ಮೊಬೈಲ್ ಆ್ಯಪ್ ರಚಿಸುವವರಿಗಂತೂ ಬ್ಯಾಟರಿಯನ್ನು ಉಳಿಸುವ ಚಿಂತೆ ಬೇರೆ. ಗಣಿತಕ್ಕೆ ಹೆದರಿ ಈ ದಾರಿ ಹಿಡಿಯುವವರು ಮೊದಲ ವರ್ಷದಲ್ಲೇ ಗಣಿತವನ್ನು ಎದುರಿಸಬೇಕಾಗುತ್ತದೆ! ಇನ್ನು ಚಿತ್ರಕಾರ, ಧ್ವನಿ ಸಂಯೋಜಕ, ಪ್ರೋಗ್ರಾಂ ಬರೆಯುವವನು ಒಂದೇ ತಂಡವಾಗಿ ಗಡುವಿನೊಳಗೆ ಕೆಲಸ ಮುಗಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಹಾಗೆಂದು ಉದ್ಯೋಗ ಖಚಿತವೆಂದು ನಾವು ಹೇಳಲಾರೆವು. ಜೋನ್ಸ್ ಅವರೇ ಡಂಡೀಯಲ್ಲಿ ಸ್ಥಾಪಿಸಿದ ‘ರಿಯಲ್‌ಟೈಮ್ ವರ್ಲ್ಡ್ಸ್’ ಸಂಸ್ಥೆ, ಬಹುವೆಚ್ಚದ ಆಟವೊಂದು ಸೋತು, 2010ರಲ್ಲಿ ಕುಸಿಯಿತು. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಈ ಉದ್ಯಮದ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಡಂಡೀಯಲ್ಲಿ ಕೆಲಸ ಹೋದವರಲ್ಲಿ ಕೆಲವರು ಅದೇ ಊರಿನಲ್ಲಿ ಚಿಕ್ಕ ಸಂಸ್ಥೆಗಳನ್ನು ಕಟ್ಟಿಕೊಂಡರು. ಪ್ರೋಗ್ರಾಂ ಬಲ್ಲವರಿಗೆ ಬ್ಯಾಂಕು, ಆಸ್ಪತ್ರೆ, ವಿಮಾನ ತರಬೇತಿಯ ತಂತ್ರಾಂಶಗಳಲ್ಲಿಯೂ ಕೆಲಸವುಂಟು. ಆಟದ ಕಲ್ಪನೆಯನ್ನಷ್ಟೇ ಕಲಿತವರಿಗೆ ಆ ಬಾಗಿಲು ಸುಲಭವಾಗಿ ತೆರೆಯದು.

ಆದುದರಿಂದ ಹೆತ್ತವರು ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಪಠ್ಯಕ್ರಮದಲ್ಲಿ ಗಣಿತ, ಪ್ರೋಗ್ರಾಂ ರಚನೆಗಳಿಗೆ ಎಷ್ಟು ಪಾಲಿದೆಯೆಂದು ವಿಚಾರಿಸಲಿ. ಹಿಂದಿನ ವಿದ್ಯಾರ್ಥಿಗಳು ಮಾಡಿ ಮುಗಿಸಿದ ಆಟಗಳನ್ನು ತೋರಿಸುವಂತೆಯೂ ಕೇಳಲಿ. ಮಗನಿಗೆ ಈ ರಜೆಯಲ್ಲೇ ಒಂದು ಚಿಕ್ಕ ಆಟವನ್ನು ತಾನಾಗಿ ಮಾಡಿ ಮುಗಿಸಲು ಹೇಳಬಹುದು. ಅದಕ್ಕೆ ಬೇಕಾದ ‘ಗೊಡೊ’ದಂತಹ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.