ಪಹಣಿ ಪತ್ರದ ಹೊಸ ಕಾವಲು
ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೃಷಿಕರಿಗೆ ಆರ್.ಟಿ.ಸಿ. ಎಂಬ ಪಹಣಿ ಪತ್ರದ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಹಿಂದೆ ಗ್ರಾಮಕರಣಿಕರ ಕಪಾಟಿನಲ್ಲಿದ್ದ ಈ ದಾಖಲೆಯನ್ನು 2000ದ ಸುಮಾರಿಗೆ 'ಭೂಮಿ' ಯೋಜನೆಯು ತಾಲ್ಲೂಕು ಕಚೇರಿಯ ಗಣಕಯಂತ್ರಕ್ಕೆ ಒಪ್ಪಿಸಿತು. ಅಧಿಕೃತ ಸಿಬ್ಬಂದಿಯ ಬೆರಳಗುರುತನ್ನು ಒಪ್ಪದ ಹೊರತು ಯಂತ್ರವು ತಿದ್ದುಪಡಿಗೆ ಎಡೆಗೊಡದು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಮುಂದಿಡುವುದು. ಶಿಫಾರಸಿನ ಚೀಟಿಯನ್ನು ಓದಲು ಅದಕ್ಕೆ ಬಾರದು, ಪುಣ್ಯ! ಮೊದಲು ತಾಲ್ಲೂಕಿಗೊಂದರಂತಿದ್ದ ದತ್ತಾಂಶಕೋಶಗಳು ಬಳಿಕ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿದವು. ಇಂತಹ ಕೇಂದ್ರಗಳಲ್ಲಿ ಪ್ರತಿ ತೆಗೆದಿರಿಸುವ, ಕೆಟ್ಟ ಯಂತ್ರವನ್ನು ಗುರುತಿಸುವ, ಅಪರಿಚಿತರ ಪ್ರವೇಶವನ್ನು ತಡೆಯುವ ಕಾರ್ಯವನ್ನು ಬಹುಮಟ್ಟಿಗೆ ತಂತ್ರಾಂಶವೇ ನಿರ್ವಹಿಸುತ್ತದೆ. ಆದರೆ ಮೊದಲ ನಮೂದೇ ತಪ್ಪಾಗಿದ್ದರೆ ಅದು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುವುದು. ತಿದ್ದಿಸಲು ಕೃಷಿಕನು ಹಳೆಯ ಕಾಗದಗಳನ್ನು ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲನ್ನೇ ಏರಬೇಕು.