ಹರಿದು ಬರುವ ಬೆಟ್ಟ

ಕೇದಾರನಾಥದ ದೇವಾಲಯದ ಬೆನ್ನಿಗೆ ಒಂದು ದೊಡ್ಡ ಬಂಡೆ ನಿಂತಿರುವದನ್ನು ಈಚೆಗೆ ಆ ಯಾತ್ರೆ ಮಾಡಿ ಬಂದವರು ಕಂಡಿರುತ್ತಾರೆ. ೨೦೧೩ನೆಯ ಇಸವಿಯ ಜೂನ್ ತಿಂಗಳಿಗೆ ಮುಂಚೆ ಅದು ಅಲ್ಲಿರಲಿಲ್ಲ. ಮೇಲಿನಿಂದ ಇಳಿದ ಪ್ರವಾಹದೊಡನೆ ಅದು ಬಂದಿತು. ಗುಡಿಗೆ ತಗಲದೆ ಕೆಲವೇ ಮಾರು ದೂರದಲ್ಲಿ ನಿಂತಿತು. ಹಿಂದಿನಿಂದ ಬರುತ್ತಿದ್ದ ಕಲ್ಲು ಕೆಸರುಗಳ ರಾಶಿ ಅದಕ್ಕೆ ಬಡಿದು ಎರಡು ಕವಲಾಗಿ ಗುಡಿಯ ಎರಡು ಮಗ್ಗುಲಿಗೂ ಸರಿದುಹೋಯಿತು. ಭಕ್ತರು ಅದನ್ನು ಭೀಮಶಿಲೆಯೆಂದು ಕರೆದು ಕೈಮುಗಿಯುತ್ತಾರೆ. ಆ ಭಕ್ತಿಗೆ ನಾವು ಎದುರಾಡುವವರಲ್ಲ. ಆ ಕ್ಷೇತ್ರದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವರಾಗಿರುವದರಿಂದ ಕೇದಾರವು ಕನ್ನಡಿಗರಿಗೆ ಪರಕೀಯವಾದ ಊರೂ ಅಲ್ಲ. ಆದರೆ ಕೈಮುಗಿದು ಹಿಂತಿರುಗುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ನೀರಿನಲ್ಲಿ ಕಲ್ಲು ಮುಳುಗುವದು ಲೋಕದ ರೂಢಿ. ಅಷ್ಟು ದೊಡ್ಡ ಬಂಡೆ ಹರಿದು ಬಂದುದು ಹೇಗೆ?

ಹರಿದು ಬಂದುದು ಬರಿಯ ನೀರಲ್ಲವೆಂಬದೇ ಇದರ ಉತ್ತರ. ಪತ್ರಿಕೆಯವರಾದ ನಾವು ಇಂಥ ಅನಾಹುತಗಳನ್ನೆಲ್ಲ ನೆರೆ ಇಲ್ಲವೆ ಗುಡ್ಡಕುಸಿತ ಎಂದು ಬರೆದು ಮುಗಿಸುತ್ತೇವೆ. ಭೂಗರ್ಭಶಾಸ್ತ್ರಜ್ಞರು ಇದನ್ನು ಎರಡಕ್ಕಿಂತಲೂ ಬೇರೆಯಾಗಿ ಎಣಿಸುತ್ತಾರೆ. ನೆರೆಯಲ್ಲಿ ನೀರು ಒಡೆಯ, ಮಣ್ಣು ಅದರ ಹಿಂದೆ ನಡೆಯುವ ಆಳು. ಇಲ್ಲಿಯಾದರೋ ಗಾತ್ರದಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಕಲ್ಲುಮಣ್ಣೇ. ಅದನ್ನು ಹದಗೊಳಿಸಿ ನಡೆಯಿಸುವಷ್ಟು ಮಾತ್ರ ನೀರು. ಮನೆ ಕಟ್ಟುವಲ್ಲಿ ತಾರಸಿಗೆ ಸುರಿಯುವ ಹಸಿ ಕಾಂಕ್ರೀಟನ್ನು ನೆನೆದರೆ ಇದರ ರೂಪ ಸ್ಥೂಲವಾಗಿ ಮನಸ್ಸಿಗೆ ಬರುವದು. ಈ ಕಲಸು ನೀರಿಗಿಂತ ಸುಮಾರು ಎರಡರಷ್ಟು ಭಾರವಾದುದು. ಬಂಡೆಯು ನೀರಿಗಿಂತ ೨.೭ ಪಟ್ಟು ಭಾರ. ಆದಕಾರಣ ಈ ಕಲಸಿನಲ್ಲಿ ಮುಳುಗಿದ ಬಂಡೆಗೆ ಉಳಿಯುವದು ತನ್ನ ತೂಕದ ನಾಲ್ಕರಲ್ಲೊಂದು ಪಾಲು ಮಾತ್ರ. ನುಣ್ಣನೆಯ ಜೇಡಿಯು ಸಂದುಗಳಲ್ಲಿ ಸಿಕ್ಕಿಬಿದ್ದ ನೀರನ್ನು ಹೊರಗೆ ಬಿಡುವದಿಲ್ಲ; ಆ ನೀರಿನ ಒತ್ತಡವು ಕಲ್ಲಿಗೆ ಕಲ್ಲು ತಿಕ್ಕಿ ನಿಲ್ಲದಂತೆ ಎಲ್ಲವನ್ನೂ ಎತ್ತಿ ಹಿಡಿದಿರುವದು. ಇದರ ಮೇಲೆ ಕುಲುಕಾಟ ಬೇರೆ. ಅವಲಕ್ಕಿಯ ಡಬ್ಬಿಯನ್ನು ಕುಲುಕಿದರೆ ಪುಡಿ ತಳಕ್ಕಿಳಿದು ದಪ್ಪ ಚೂರುಗಳು ಮೇಲಕ್ಕೆ ಬರುವದನ್ನು ಯಾವ ಮನೆಯವರು ಅರಿಯರು? ಹಾಗೆಯೇ ದೊಡ್ಡ ಬಂಡೆಗಳು ಮೇಲಕ್ಕೇರುತ್ತವೆ. ಮೇಲ್ಪದರವು ತಳಕ್ಕಿಂತ ಬೇಗನೆ ಸಾಗುವದರಿಂದ ಅವು ಮುಂದೆ ಮುಂದೆ ಬಂದು ಮೊಗದಲ್ಲಿ ಗುಂಪುಗೂಡುತ್ತವೆ. ಹೀಗೆ ಬಂಡೆಗಳ ಗೋಡೆಯೊಂದನ್ನು ಮುಂದಿಟ್ಟುಕೊಂಡು, ಅದರ ಹಿಂದೆ ಕೆಸರಿನ ಮಡುವನ್ನು ಎಳೆದುಕೊಂಡು, ಅದು ಅಲೆಅಲೆಯಾಗಿ ಇಳಿಯುವದು. ಕಡಿದಾದ ಕಣಿವೆಯಲ್ಲಿ ಸೆಕೆಂಡಿಗೆ ಹತ್ತು ಮೀಟರನ್ನು ಮೀರಿದ ವೇಗ ಇದಕ್ಕೆ ಅಪರೂಪವಲ್ಲ. ಓಡಿ ಪಾರಾಗುವ ಮಾತು ಅಲ್ಲಿಲ್ಲ. ದಾರಿಯುದ್ದಕ್ಕೂ ಹಳ್ಳದ ತಳವನ್ನೂ ದಡವನ್ನೂ ಕೆರೆದು ತನ್ನೊಳಗೆ ಸೇರಿಸಿಕೊಳ್ಳುವದರಿಂದ, ಮೇಲೆ ಸಣ್ಣದಾಗಿ ಹೊರಟದ್ದು ಕೆಳಗೆ ಬರುವಷ್ಟರಲ್ಲಿ ಹಲವು ಮಡಿ ಹಿಗ್ಗಿರುವದು.

ಇಳಿಜಾರು ತಗ್ಗಿ ಕಣಿವೆ ಬಾಯ್ದೆರೆದಲ್ಲಿ, ಮುಂಬದಿಯ ಬಂಡೆಗಳ ಸಂದಿನಿಂದ ನೀರು ಸೋರಿಹೋಗಿ, ಅದು ನಿಂತುಬಿಡುವದು. ಹೊಳೆಯ ನೀರು ತಾನು ಹೊತ್ತುದನ್ನು ಆರಿಸಿ ಇಳಿಸುತ್ತದೆ: ಇಲ್ಲಿ ಗುಂಡುಕಲ್ಲು, ಮುಂದೆ ಮರಳು, ಇನ್ನೂ ಮುಂದೆ ಮೆಕ್ಕಲು. ಇದಕ್ಕೆ ಆ ವಿವೇಚನೆಯಿಲ್ಲ. ಆನೆಗಾತ್ರದ ಬಂಡೆಯನ್ನೂ ಜೇಡಿಯನ್ನೂ ಒಂದೇ ಮುದ್ದೆಯಾಗಿ ಕೆಡವುವದು. ಇಂಥ ಮುದ್ದೆಗಳು ಸಾವಿರಾರು ವರುಷಗಳಿಂದ ಒಂದರ ಮೇಲೊಂದು ಬಿದ್ದು ಕಣಿವೆಯ ಬಾಯಲ್ಲಿ ಬೀಸಣಿಗೆಯಾಕಾರದ ದಿಣ್ಣೆ ಬೆಳೆಯುವದು. ಬೆಟ್ಟಸೀಮೆಯಲ್ಲಿ ಕೊಂಚ ಸಮತಟ್ಟಾದ ನೆಲ, ಆಳವಾದ ಮಣ್ಣು, ಪಕ್ಕದಲ್ಲಿ ಸದಾ ನೀರು ಇವೆಲ್ಲ ಒಟ್ಟಿಗೆ ದೊರೆಯುವದು ಅಲ್ಲಿಯೇ. ಮನುಷ್ಯನು ಮನೆ, ಗುಡಿ, ಪೇಟೆ, ಶಾಲೆಗಳನ್ನು ಅಲ್ಲಿ ಕಟ್ಟಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆ ಜಮೀನಿನ ಉತಾರವು ಹಳ್ಳದ ಹೆಸರಿನಲ್ಲಿದೆ. ನಮ್ಮ ಕಚೇರಿಗಳು ಅದನ್ನು ಓದುವ ಅಭ್ಯಾಸವನ್ನು ಮಾಡಿಕೊಂಡಿಲ್ಲ.

ಕೇದಾರದ ನೆಲವೂ ಇಂಥದೇ. ಹಿಮನದಿಗಳು ಹಿಂದೆ ಸರಿಯುತ್ತ ಬಿಟ್ಟುಹೋದ ಕಲ್ಮಣ್ಣಿನ ಹರವಿನ ಮೇಲೆ, ಮಂದಾಕಿನೀ ಸರಸ್ವತಿಗಳ ನಡುವೆ, ಮೂರೂವರೆ ಸಾವಿರ ಮೀಟರಿಗೆ ಮಿಕ್ಕ ಎತ್ತರದಲ್ಲಿ ಆ ಊರಿದೆ. ಅಲ್ಲಿಂದ ಸುಮಾರು ಎರಡು ಕಿಲೋಮೀಟರು ಮೇಲೆ, ಚೋರಾಬಾರಿ ಹಿಮನದಿಯ ಮಗ್ಗುಲಲ್ಲಿ, ಆ ಹಿಮನದಿಯೇ ಒಟ್ಟಿದ ಸಡಿಲ ಕಲ್ಮಣ್ಣಿನ ಏರಿಯ ಹಿಂದೆ ಒಂದು ಚಿಕ್ಕ ಸರೋವರವಿತ್ತು. ಗಾಂಧೀಜಿಯವರ ಚಿತಾಭಸ್ಮವನ್ನು ೧೯೪೮ರಲ್ಲಿ ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧೀ ಸರೋವರವೆಂಬ ಹೆಸರು ಬಂದಿತ್ತು. ೨೦೧೩ರ ಜೂನ್ ೧೫ರ ಸಂಜೆಯಿಂದ ೧೬ರ ಸಂಜೆಯ ವರೆಗೆ ವಾಡಿಯಾ ಸಂಸ್ಥೆಯವರು ಅಲ್ಲಿ ಇರಿಸಿದ್ದ ಮಾಪಕದಲ್ಲಿ ೩೨೫ ಮಿಲಿಮೀಟರು ಮಳೆ ಬಿದ್ದಿತು. ಬೆಟ್ಟದ ಮೇಲೆ ಉಳಿದಿದ್ದ ಹಿಮವು ಕರಗಿ ಅದಕ್ಕೆ ಸೇರಿತು. ೧೬ರ ಸಂಜೆಗೇ ಊರಿನೊಳಗೆ ಮೊದಲ ಕೆಸರು ನುಗ್ಗಿತು. ಕೆಳಗೆ ಯಾತ್ರಿಕರ ತಂಗುದಾಣವಾಗಿದ್ದ ರಾಮಬಾಡಾ ಹೇಳಹೆಸರಿಲ್ಲದಂತಾಯಿತು. ಮರುದಿನ ಬೆಳಗ್ಗೆ ಏಳು ಗಂಟೆಯ ಸುಮಾರಿಗೆ ಏರಿಯೊಡೆದು ಸರೋವರವು ಕೆಲವೇ ನಿಮಿಷಗಳಲ್ಲಿ ಬರಿದಾಯಿತು. ಅದರ ನೀರಷ್ಟೇ ಬಂದಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ. ನಡುವಣ ಎರಡು ಕಿಲೋಮೀಟರಿನ ಸಡಿಲ ಕಲ್ಲುಗಳನ್ನೆಲ್ಲ ಎಬ್ಬಿಸಿ ತಂದುದೇ ಘಾತಕವಾಯಿತು. ಆ ತಿಂಗಳು ಉತ್ತರಾಖಂಡದಲ್ಲಿ ಸತ್ತವರೂ ಕಾಣೆಯಾದವರೂ ಕೂಡಿ ಐದು ಸಾವಿರವನ್ನು ಮೀರಿದರು.

ಇದಕ್ಕೆ ಮಳೆಯೇ ಆಗಬೇಕೆಂದಿಲ್ಲ. ೨೦೨೧ರ ಫೆಬ್ರುವರಿ ೭ರಂದು, ಚಳಿಗಾಲದ ಒಂದು ಬೆಳಗ್ಗೆ, ಗಢವಾಲದ ರೋಂಟಿ ಶಿಖರದ ಮೈಯಿಂದ ೨ ಕೋಟಿ ೭೦ ಲಕ್ಷ ಘನಮೀಟರಿನಷ್ಟು ಬಂಡೆಯೂ ಮಂಜುಗಡ್ಡೆಯೂ ಒಟ್ಟಿಗೆ ಕಳಚಿಬಿದ್ದುವು. ತಿಕ್ಕಾಟದ ಬಿಸಿಗೆ ಮಂಜು ಕರಗಿತು. ಬೆಟ್ಟವು ತನಗೆ ಬೇಕಾದ ನೀರನ್ನು ತಾನೇ ಒದಗಿಸಿಕೊಂಡಿತು. ಋಷಿಗಂಗಾ, ಧೌಲಿಗಂಗಾ ನದಿಗಳ ಎರಡು ವಿದ್ಯುದ್ಯೋಜನೆಗಳು ಹಾಳಾದುವು. ಇನ್ನೂರಕ್ಕೂ ಮಿಕ್ಕ ಜನ, ಬಹುಮಟ್ಟಿಗೆ ಕೂಲಿಕಾರರು, ಪ್ರಾಣ ಕಳೆದುಕೊಂಡರು.

ಹಿಮವಿಲ್ಲದ ನಮ್ಮ ಪಶ್ಚಿಮಘಟ್ಟದಲ್ಲಿ ಕತೆಯ ಆರಂಭ ಬೇರೆ, ಅಂತ್ಯ ಅದೇ. ಇಲ್ಲಿ ಬಂಡೆಯೇ ಕೊಳೆತು ದಪ್ಪ ಮಣ್ಣಾಗಿ ಇಳಿಜಾರಿನ ಮೇಲೆ ಕುಳಿತಿರುತ್ತದೆ. ದಿನಗಟ್ಟಲೆ ಸುರಿದ ಮಳೆ ಅದರೊಳಗೆ ಇಂಗಿ, ಕೆಳಗಿನ ಗಟ್ಟಿಬಂಡೆಯನ್ನು ದಾಟಲಾರದೆ, ಮಣ್ಣನ್ನು ಒಳಗಿನಿಂದ ಎತ್ತತೊಡಗುವದು. ನೀರು ಬಂದು ಕೂಡುವ ತಗ್ಗಿನ ತಲೆಯಲ್ಲಿ ಒಂದು ತುಂಡು ಜಾರಿದರೆ ಉಳಿದುದನ್ನು ಹಳ್ಳವೇ ನೋಡಿಕೊಳ್ಳುವದು. ೨೦೨೪ರ ಜುಲೈ ೩೦ರ ನಡುರಾತ್ರಿ ದಾಟಿದ ಮೇಲೆ ವೈನಾಡಿನಲ್ಲಿ ಆದುದು ಇದೇ. ಎರಡು ದಿನಗಳಲ್ಲಿ ಐನೂರು ಮಿಲಿಮೀಟರಿಗೂ ಮಿಕ್ಕ ಮಳೆ ಬಿದ್ದು, ಸುಮಾರು ೧,೫೫೦ ಮೀಟರು ಎತ್ತರದಲ್ಲಿ ಕಳಚಿದ ಗುಡ್ಡವು ಎಂಟು ಕಿಲೋಮೀಟರು ಹರಿದು, ಮುಂಡಕೈ, ಚೂರಲ್‌ಮಲೆಗಳನ್ನು ನಿದ್ದೆಯಲ್ಲಿಯೇ ಹೂಳಿತು. ಇನ್ನೂರೈವತ್ತಕ್ಕೂ ಮಿಕ್ಕವರು ಸತ್ತರು. ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿ ನೆಲೆಸಿದ್ದ ಕನ್ನಡಿಗರೂ ಅವರಲ್ಲಿದ್ದರು. ಎಷ್ಟೋ ಹೆಣಗಳು ಬಹುದೂರ ಕೆಳಗೆ, ಚಾಲಿಯಾರ್ ನದಿಯಲ್ಲಿ, ನಿಲಂಬೂರಿನ ಕಡೆ ದೊರೆತುವು.

ಮುಂಡಕೈಯಲ್ಲಿ ಇದು ಮೊದಲ ಸಲವಾಗಿರಲಿಲ್ಲ. ೧೯೮೪ರಲ್ಲಿಯೂ ಅಲ್ಲಿಯ ಗುಡ್ಡ ಹರಿದು ಜನ ಸತ್ತಿದ್ದರು. ನೆರೆಯ ಪುತ್ತುಮಲೆಯಲ್ಲಿ ೨೦೧೯ರಲ್ಲಿ ಹೀಗೆಯೇ ಆಯಿತು. ೨೦೨೪ರಲ್ಲಿ ಗುಡ್ಡ ಕಳಚಿದ ಸ್ಥಳದಲ್ಲಿ ಹಳೆಯ ಕುಸಿತದ ಗುರುತು ಮೊದಲೇ ಇದ್ದುದನ್ನು ಉಪಗ್ರಹದ ಚಿತ್ರಗಳನ್ನು ಪರೀಕ್ಷಿಸಿದ ಇಸ್ರೋದವರು ತೋರಿಸಿಕೊಟ್ಟರು.

ವೈನಾಡಿನಲ್ಲಿ ಹೆಣಗಳನ್ನು ಇನ್ನೂ ತೆಗೆಯುತ್ತಿರುವಾಗಲೇ, ಜುಲೈ ೩೧ರಂದು, ಕೇಂದ್ರ ಸರಕಾರವು ಪಶ್ಚಿಮಘಟ್ಟದ ಸೂಕ್ಷ್ಮಪ್ರದೇಶಗಳ ಕರಡು ಪ್ರಕಟಣೆಯನ್ನು ಮತ್ತೊಮ್ಮೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು ೨೦,೬೬೮ ಚದರ ಕಿಲೋಮೀಟರು. ಎರಡು ತಿಂಗಳೊಳಗಾಗಿ ನಮ್ಮ ಮಂತ್ರಿಮಂಡಲವು ಅದಕ್ಕೆ ಮೂಲವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರುಗಳಲ್ಲಿ ಬೆಟ್ಟ ಹರಿದುದನ್ನು ಕಂಡ ಸರಕಾರವು ಹೀಗೆ ಕೈಕೊಡವಿಕೊಂಡದ್ದು ಸರಿಯಲ್ಲವೆಂಬದು ನಮ್ಮ ಅಭಿಪ್ರಾಯ. ಹಾಗೆಂದು ಮಲೆನಾಡಿನ ಒಕ್ಕಲಿನವನ ಭೀತಿ ನಿರಾಧಾರವೆಂದೂ ನಾವು ಹೇಳಲಾರೆವು. ಊರಿಗೆ ಊರನ್ನೇ ಪಟ್ಟಿಗೆ ಸೇರಿಸಿದರೆ ಅವನು ಬೆದರದೆ ಇರುವದೆಂತು? ಈ ವಾದವಿವಾದದಲ್ಲಿ ಇಬ್ಬರೂ ಮರೆತ ಸಂಗತಿಯೊಂದಿದೆ: ಕಾಡನ್ನು ಕಾಯುವ ಪ್ರಶ್ನೆ ಎಷ್ಟು ವಿಶಾಲವೋ, ಈ ಕಲ್ಲುಕೆಸರಿನ ಹಾದಿ ಅಷ್ಟು ಕಿರಿದು. ತಗ್ಗಿನ ತಲೆ, ಹಳ್ಳದ ಮೈ, ಬಾಯಿಯ ದಿಣ್ಣೆ—ಇಷ್ಟೆ. ಇವನ್ನು ಗುರುತಿಸುವದಕ್ಕೆ ಜಿಲ್ಲೆಗಳನ್ನು ಮುಚ್ಚಬೇಕಾಗಿಲ್ಲ, ನಕ್ಷೆಯನ್ನು ಬಿಚ್ಚಬೇಕು.

ನಕ್ಷೆಯಿಲ್ಲವೆಂದಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ದೇಶದ ಬೆಟ್ಟಸೀಮೆಗಳಿಗೆಲ್ಲ ಐವತ್ತು ಸಾವಿರಕ್ಕೊಂದರ ಅಳತೆಯಲ್ಲಿ ಕುಸಿತದ ನಕ್ಷೆಗಳನ್ನು ಮಾಡಿದ್ದಾರೆ. ಆ ಅಳತೆಯಲ್ಲಿ ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು. ತಾಲೂಕಿನ ಸ್ಥಿತಿಯನ್ನು ಅದು ಹೇಳಬಲ್ಲುದು. ಸರ್ವೆ ನಂಬರಿನದನ್ನು ಹೇಳಲಾರದು. ಬಿನ್‌ಶೇತ್ಕಿಗೆ ಅಪ್ಪಣೆ ಕೊಡುವ ಅಧಿಕಾರಿಯ ಮೇಜಿನ ಮೇಲೆ ಬೇಕಾದುದು ಊರಿನ ಅಳತೆಯ ನಕ್ಷೆ. ಅದನ್ನು ನೆಲದ ಮೇಲೆ ನಡೆದೇ ಮಾಡಬೇಕು. ಅಡಿಪಾಯದ ಗುಂಡಿ ತೋಡಿದಲ್ಲಿ, ರಸ್ತೆಗಾಗಿ ಬರೆ ಕಡಿದಲ್ಲಿ, ಮಣ್ಣಿನ ಪದರುಗಳನ್ನು ನೋಡಬೇಕು. ಘಟ್ಟದಲ್ಲಿ ಇದ್ದಲ್ಲಿಯೇ ಕೊಳೆತ ಬಂಡೆಯೂ ಮಣ್ಣಿನ ನಡುವೆ ಗುಂಡುಕಲ್ಲುಗಳನ್ನು ಉಳಿಸಿರುವದರಿಂದ ಅದಕ್ಕೂ ಹರಿದು ಬಂದ ಮುದ್ದೆಗೂ ಭೇದ ತಿಳಿಯುವದಕ್ಕೆ ಪಳಗಿದ ಕಣ್ಣು ಬೇಕು. ಆದುದರಿಂದ ಇದು ಗ್ರಾಮಲೆಕ್ಕಿಗನ ಮೇಲೆ ಹೊರಿಸಿ ಬಿಡುವ ಕೆಲಸವಲ್ಲ.

ಸರಕಾರದ ಯಂತ್ರದಿಂದ ಇಷ್ಟೆಲ್ಲ ಆಗದೆನ್ನುವವರು ಗಢವಾಲದ ಹಳೆಯ ವೃತ್ತಾಂತವೊಂದನ್ನು ಕೇಳಬೇಕು. ೧೮೯೩ರ ಸಪ್ಟೆಂಬರಿನಲ್ಲಿ ಗೋಹನಾ ಎಂಬ ಹಳ್ಳಿಯ ಹತ್ತಿರ ಬೆಟ್ಟದ ಮಗ್ಗುಲೊಂದು ಕುಸಿದು ಬಿರಹೀಗಂಗೆಗೆ ಸುಮಾರು ೯೦೦ ಅಡಿ ಎತ್ತರದ ಅಡ್ಡಗಟ್ಟೆಯಾಯಿತು. ಹಿಂದೆ ನೀರು ನಿಂತು ಸರೋವರ ಬೆಳೆಯತೊಡಗಿತು. ಪಲ್ಫೋರ್ಡ್ ಎಂಬ ಇಂಜಿನಿಯರರು ಲೆಕ್ಕ ಹಾಕಿ, ಬರುವ ಆಗಸ್ಟಿನಲ್ಲಿ ನೀರು ಕಟ್ಟೆಯನ್ನು ಮೀರುವದೆಂದು ತಿಳಿಸಿದರು. ಆಳುತ್ತಿದ್ದವರು ಪರಕೀಯರು, ಬೇರೆ ಎಷ್ಟೋ ವಿಷಯಗಳಲ್ಲಿ ಅವರನ್ನು ನಾವು ಹೊಗಳಲಾರೆವು. ಆದರೆ ಈ ಸಂದರ್ಭದಲ್ಲಿ ಅವರು ಬೆಟ್ಟದ ಮಾತನ್ನು ಕೇಳಿದರು. ಗೋಹನಾದಿಂದ ಹರಿದ್ವಾರದ ವರೆಗೆ ತಂತಿ ಎಳೆಯಿಸಿದರು. ತೂಗುಸೇತುವೆಗಳನ್ನು ಮುಂದಾಗಿಯೇ ಬಿಚ್ಚಿಸಿದರು. ಕಣಿವೆಯ ಜನರು ಎಷ್ಟು ಎತ್ತರಕ್ಕೆ ಹೋಗಬೇಕೆಂಬದಕ್ಕೆ ಗುರುತಿನ ಕಂಬಗಳನ್ನು ನೆಡಿಸಿದರು. ಕ್ರುಕ್‌ಶ್ಯಾಂಕ್ ಎಂಬ ಲೆಫ್ಟಿನೆಂಟನನ್ನು ಕಾವಲಿಗಿಟ್ಟರು. ಗೋಹನಾದ ಸರೋವರವು ಒಂದು ವರುಷದ ಅವಕಾಶ ಕೊಟ್ಟಿತ್ತೆಂದು ಯಾರಾದರೂ ಹೇಳಬಹುದು. ಮುಂಡಕೈಯ ಹಳ್ಳವು ೧೯೮೪ರಿಂದ ನಲವತ್ತು ವರುಷದ ಅವಕಾಶ ಕೊಟ್ಟಿತ್ತು.

೧೮೯೪ರ ಆಗಸ್ಟ್ ೨೫ರ ನಡುರಾತ್ರಿ ಕಟ್ಟೆಯೊಡೆಯಿತು. ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಜನರು ಅದಕ್ಕೆ ಮುಂಚೆಯೇ ಎತ್ತರದ ನೆಲಕ್ಕೆ ಸರಿದಿದ್ದರು. ಇಡಿಯ ಕಣಿವೆಯಲ್ಲಿ ಸತ್ತವರು ಐವರು: ಬಲವಂತದಿಂದ ಹೊರಗೆ ಸಾಗಿಸಿದ ಮೇಲೆಯೂ ಕಟ್ಟೆಯ ಬುಡಕ್ಕೆ ಮರಳಿ ಬಂದಿದ್ದ ಒಬ್ಬ ಫಕೀರ ಮತ್ತು ಅವನ ಮನೆಯವರು.